ಗೌಜಲ ಹಕ್ಕಿಯ ಹಾಡಿಗೆ ಸೊಲ್ಲು

ಯರಗುಪ್ಪಿ
೧೬ ನವೆಂಬರ್ ೧೯೭೬

ಚಿ. ಶಂಕ್ರಪ್ಪನಿಗೆ ಆಶೀರ್ವಾದ.

ಉಭಯ ಕುಶಲೋಪರಿ ಎಂದು ಶುರು ಮಾಡುವಷ್ಟು ಸಲಿಗೆ ನಮ್ಮಿಬ್ಬರ ನಡುವೆ ಉಳಿದಿಲ್ಲ. ಅದಕ್ಕೇ ಅದನ್ನು ಬಿಟ್ಟು ವಿಷಯಕ್ಕೆ ಬರುತ್ತೇನೆ. ನಿನ್ನ ಸಿನಿಮಾ ನೋಡಿದೆವು.

ನೀನು ಕಾಗದ ಬರೆದದ್ದು ನಿಮ್ಮವ್ವನಿಗೆ, ನನಗಲ್ಲ. ಆದರೆ ಓದಿ ಹೇಳುವವನು ನಾನೇ ತಾನೆ? ಹುಬ್ಬಳ್ಳಿಗೆ ಮಕ್ಕಳ ಸಿನಿಮಾ ಬರುತ್ತದೆ, ಅದರಲ್ಲಿ ನನ್ನ ಕೊಳಲಿದೆ, ಒಂದು ಹಾಡಂತೂ ಅವ್ವನಿಗಾಗಿಯೇ ಮಾಡಿದ್ದು ಎಂದು ಬರೆದಿದ್ದೆ. ಮೊದಲ ಸಲ ಓದುವಾಗ ಆ ಹಾಡಿನ ಮಾತು ಹಾರಿಸಿದೆ. ಅವಳಿಗೆ ಅನುಮಾನ ಬಂದು ಎರಡನೇ ಸಲ ಓದಿಸಿದಳು. “ನೀವು ಕರಕೊಂಡ ಹೋಗ್ತೀರೋ, ಇಲ್ಲಾ ನಾ ಖಾಜಾಸಾಬನ ಜೋಡಿ ಹೋಗ್ಲೋ?” ಎಂದಳು. ನಮ್ಮೂರ ಹಿಟ್ಟಿನ ಗಿರಣಿಯ ಖಾಜಾಸಾಬ ಗೊತ್ತಲ್ಲ, ವಾರಕ್ಕೊಮ್ಮೆ ಸಿನಿಮಾ ನೋಡದಿದ್ದರೆ ಅವನಿಗೆ ಅನ್ನ ಇಳಿಯುವುದಿಲ್ಲ. ಕೊನೆಗೆ ಮೂವರೂ ಹೋದೆವು.

ಭಾನುವಾರ ಮಕ್ಕಳ ದಿನಾಚರಣೆ, ಮುಂಜಾನೆಯ ಆಟ. ಥೇಟರಿನ ತುಂಬ ಶಾಲೆಯ ಹುಡುಗರು. ಮಾಸ್ತರಿಕೆ ಬಿಟ್ಟು ಆರು ವರ್ಷವಾದರೂ ಎದ್ದು ನಿಂತು ‘ಸುಮ್ಮನಿರ್ರೋ’ ಎಂದು ಗದರಬೇಕೆನ್ನಿಸಿತು.

ಬರೆದ ಚಿತ್ರಗಳು ನಡೆದಾಡುವುದನ್ನು ನಾನು ನೋಡಿದ್ದು ಇದೇ ಮೊದಲು. ಗೌಜಲ ಹಕ್ಕಿಯ ಸಂಸಾರ ಎರೆಹೊಲದಲ್ಲಿ ಸಾಲಾಗಿ ಹೋಗುವಾಗ ತಬಲಾದ ಮೇಲೆ ಬರೀ ಬೆರಳ ತುದಿ ಆಡಿಸಿದ್ದೀರಿ. ನನಗೆ ನಗು ಬಂತು. ನಮ್ಮ ಬದುವಿನ ಮೇಲೆ ಅವು ಓಡುವುದು ಥೇಟ್ ಹಾಗೇ. ತತ್ತಿ ಒಡೆದು ಮರಿ ಹೊರಗೆ ಬರುವಾಗ ಜಲತರಂಗ ಇಟ್ಟದ್ದೂ ಸರಿ. ಆದರೆ ನರಿ ಬಂದಾಗ ಡೊಳ್ಳು ಬಡಿಸಿದ್ದು ಅತಿಯಾಯಿತು. ಡೊಳ್ಳು ಬಡಿದುಕೊಂಡು ಬೇಟೆಗೆ ಹೊರಟ ನರಿಗೆ ಉಪವಾಸವೇ ಗತಿ. ಮಳೆ ಬಂದ ಕೂಡಲೇ ಸಿತಾರ. ಸಿನಿಮಾದವರ ಮಳೆಗೆ ಬೇರೆ ವಾದ್ಯ ಗೊತ್ತೇ ಇಲ್ಲವೇನೋ.

ಇನ್ನು ಆ ಹಾಡು. ಧೂಳುಗಾಳಿಯಲ್ಲಿ ಒಂದು ಮರಿ ತಪ್ಪಿಸಿಕೊಳ್ಳುತ್ತದೆ, ತಾಯಿ ಹಕ್ಕಿ ಬದುವಿನ ಮೇಲೆ ನಿಂತು ಕರೆಯುತ್ತದೆ. ಹೆಣ್ಣುಮಗಳೊಬ್ಬಳು ಹಿಂದಿಯಲ್ಲಿ ಹಾಡಿದ್ದಾಳೆ. ಪ್ರತಿ ಸಾಲು ಮುಗಿದ ಮೇಲೆ ದೂರದಿಂದ ಕೊಳಲು ಆ ಸಾಲಿನ ತುದಿಯನ್ನು ತಿರುಗಿ ನುಡಿಯುತ್ತದೆ. ಅದು ನಿನ್ನದೇ ಎಂದು ಯಾರೂ ಹೇಳಬೇಕಾಗಿಲ್ಲ, ನಿನ್ನ ಉಸಿರು ನನಗೆ ಗೊತ್ತು. ರಾಗ ಪೀಲೂ ಇರಬೇಕು ಅಂದುಕೊಂಡೆ. ಆದರೆ ಸಾಲಿನ ನಡುವೆ ಒಂದು ಕಡೆ ದನಿ ಕುಸಿಯುತ್ತದೆ. ಆ ಸ್ವರ ಅಲ್ಲಿಯದಲ್ಲ. ಪ್ರತಿ ಸಾಲಿನಲ್ಲೂ ಅದೇ ತಪ್ಪು. ಕುಂದಗೋಳದಲ್ಲಿ ಅಷ್ಟು ವರ್ಷ ಗುರುಗಳ ಮುಂದೆ ಕುಳಿತು ಖ್ಯಾಲ ಗಾಯನ ಕಲಿತು, ಅದನ್ನು ಅರ್ಧಕ್ಕೆ ಬಿಟ್ಟು ಸಿನಿಮಾಕ್ಕೆ ಓಡಿದವನಿಗೆ ಇಷ್ಟೂ ತಿಳಿಯಬಾರದೇ?

ಇದು ನನ್ನ ಅಭಿಪ್ರಾಯ. ನಿಮ್ಮವ್ವನದು ಏನೆಂದು ನನಗೆ ಗೊತ್ತಾಗುತ್ತಿಲ್ಲ. ಮೊದಲ ಸಾಲು ಮುಗಿದು ಕೊಳಲು ಕೇಳಿದ್ದೇ ತಡ, ಎದ್ದುಬಿಟ್ಟಳು. “ಏನಾತು?” ಎಂದರೆ “ತಲಿ ನೋಯಾಕತ್ತೈತಿ, ನೀವು ಕುಂದರ್ರಿ” ಎಂದು ಹೊರಗೆ ಹೋದಳು. ನಾನು ಕುಳಿತೆ. ಆ ಮರಿ ಸಿಗುತ್ತದೋ ಇಲ್ಲವೋ ನೋಡಬೇಕಿತ್ತು.

ಆಟ ಬಿಟ್ಟ ಮೇಲೆ ನೋಡಿದರೆ ಮೆಟ್ಟಿಲ ಮೇಲೆ ಸೆರಗು ಮುಚ್ಚಿಕೊಂಡು ಗೋಡೆಯ ಕಡೆ ಮುಖ ಮಾಡಿ ಕುಳಿತಿದ್ದಳು. ಬಸ್ಸಿನಲ್ಲಿ ಕಿಟಕಿಯ ಕಡೆ ತಿರುಗಿ ಕುಳಿತಳು. ಸಮಾಧಾನವಾಗಲಿ ಎಂದು “ಮರಿ ಸಿಕ್ತು ಕಡಿಗೆ” ಎಂದೆ. “ಸಿಗಾಂಗಿಲ್ಲ” ಎಂದಳು. “ನಾ ನೋಡೇನಿ, ಬಂತು” ಎಂದೆ. “ಆ ಧಾಟಿಯೊಳಗ ಬರಾಂಗಿಲ್ಲ” ಎಂದವಳು ಮತ್ತೆ ಬಾಯಿ ತೆರೆದಿಲ್ಲ. ಎರಡು ದಿನದಿಂದ ಸರಿಯಾಗಿ ಉಂಡಿಲ್ಲ. ಯಾವ ಹಾಡು ಅದು? ಏನು ಮಾಡಿದ್ದೀ? ಕೂಡಲೇ ಬರೆ.

ಇಂತಿ, ನಿನ್ನ ತಂದೆ
ಈರಬಸಪ್ಪ


ದಾದರ, ಮುಂಬಯಿ
೨೬ ನವೆಂಬರ್ ೧೯೭೬

ತೀರ್ಥರೂಪ ಅಪ್ಪನವರಿಗೆ ಶಂಕ್ರಪ್ಪನ ನಮಸ್ಕಾರ.

ನಾಲ್ಕು ವರ್ಷದ ಮೇಲೆ ನಿಮ್ಮ ಅಕ್ಷರ ನೋಡಿದೆ. ಚಾಳಿನ ಮೆಟ್ಟಿಲ ಮೇಲೆ ನಿಂತೇ ಓದಿದೆ. ಬೈದಿದ್ದೀರಿ, ಇರಲಿ. ಬಯ್ಯುವುದಕ್ಕಾದರೂ ಬರೆದಿರಲ್ಲ, ನನಗೆ ಅಷ್ಟೇ ಸಾಕಾಗಿತ್ತು. ನರಿಯ ಡೊಳ್ಳು ನನ್ನ ಕೆಲಸವಲ್ಲ. ಬೇಡವೆಂದು ಹೇಳಿದವರಲ್ಲಿ ನಾನೂ ಒಬ್ಬ.

ಆ ಹಾಡು ಅವ್ವನದು. ಚಿಕ್ಕಂದಿನಲ್ಲಿ ಅವಳು ಬೀಸುಕಲ್ಲಿನ ಮುಂದೆ ಕುಳಿತಾಗ ನಾನು ಅವಳ ತೊಡೆಯ ಮೇಲೆ ತಲೆಯಿಟ್ಟು ಮಲಗುತ್ತಿದ್ದೆ. ಕಲ್ಲಿನ ಸಪ್ಪಳದ ಜೊತೆ ಅವಳು ನನಗೆ ಈ ಜೋಗುಳ ಹೇಳುತ್ತಿದ್ದಳು. ನಾಲ್ಕೋ ಐದೋ ವರ್ಷದವನಿದ್ದಾಗ ಖಾಜಾಸಾಬನ ಗಿರಣಿ ಬಂತು, ಕಲ್ಲು ಮೂಲೆ ಸೇರಿತು, ಆ ಹಾಡೂ ನಿಂತಿತು. ಮಾತು ಒಂದೂ ನೆನಪಿಲ್ಲ. ಧಾಟಿ ಮಾತ್ರ ಎಲ್ಲಿಗೆ ಹೋದರೂ ಬೆನ್ನು ಬಿಟ್ಟಿಲ್ಲ.

ಇಲ್ಲಿ ನಮ್ಮ ಸಂಗೀತ ನಿರ್ದೇಶಕರು ತಾಯಿ ಹಕ್ಕಿಗೆ ಹಳ್ಳಿಯ ತಾಯಿ ಹಾಡುವಂಥದು ಬೇಕು ಎಂದು ಒದ್ದಾಡುತ್ತಿದ್ದರು. ನಾನು ಕೊಳಲಿನಲ್ಲಿ ಇದನ್ನು ನುಡಿಸಿದೆ. ಇದೇ ಬೇಕು, ಇನ್ನೊಮ್ಮೆ ನುಡಿಸು ಎಂದರು. ನೀವು ತಪ್ಪು ಎನ್ನುವ ಆ ಸ್ವರ ನಾನು ಹಾಕಿದ್ದಲ್ಲ, ಅವ್ವ ಹಾಡಿದ್ದೇ ಹಾಗೆ. ತಿದ್ದಿ ನೋಡಿದೆ. ತಿದ್ದಿದರೆ ಹಾಡು ಸತ್ತೇ ಹೋಗುತ್ತದೆ. ಸಾಲಿನ ಹಿಂದೆ ಬರುವ ಕೊಳಲು ಮಾತ್ರ ನನ್ನದು. ಯಾಕೋ ಆ ಸಾಲುಗಳು ತೀರ ಒಂಟಿ ಅನ್ನಿಸಿದವು, ಹಿಂದಿನಿಂದ ಯಾರಾದರೂ ದನಿಗೂಡಿಸಬೇಕು ಅನ್ನಿಸಿತು.

ಅಪ್ಪಾ, ಅವಳು ಕೇಳಿ ಹಿಗ್ಗುತ್ತಾಳೆ ಅಂದುಕೊಂಡಿದ್ದೆ. ಯಾಕೆ ಎದ್ದು ಹೋದಳು? ದಯವಿಟ್ಟು ಕೇಳಿ ಬರೆಯಿರಿ.

ನಿಮ್ಮ
ಶಂಕ್ರಪ್ಪ


ಯರಗುಪ್ಪಿ
೧೨ ಡಿಸೆಂಬರ್ ೧೯೭೬

ಚಿ. ಶಂಕ್ರಪ್ಪನಿಗೆ ಆಶೀರ್ವಾದ.

ನಿನ್ನ ಕಾಗದ ಬಂದು ಎಂಟು-ಹತ್ತು ದಿನವಾಯಿತು. ತಡವಾದದ್ದು ಟಪಾಲಿನವನ ತಪ್ಪಲ್ಲ, ನನ್ನ ಕೈ ಏಳಲಿಲ್ಲ.

ನಿಮ್ಮವ್ವ ಮೊರದಲ್ಲಿ ಜೋಳ ಹಸನು ಮಾಡುತ್ತಿದ್ದಳು. ಬಾಜೂಕೆ ಕುಳಿತು ಓದಿ ಹೇಳಿದೆ. ಜೋಗುಳ ಎಂಬ ಮಾತು ಬಂದಾಗ ಅವಳ ಕೈ ನಿಂತಿತು.

“ಅದು ಅವನ ಜೋಗುಳ ಅಲ್ರಿ.”

“ಮತ್ತ ಯಾರದು?”

“ನಿಮಗ ಗೊತ್ತಾಗಲಿಲ್ಲೇನು? ಊರ ಮಂದಿ ಹಾಡಿಗೆಲ್ಲಾ ರಾಗ ಹೇಳ್ತೀರಿ.”

ಸಿಟ್ಟಿನಿಂದ ಹೇಳಲಿಲ್ಲ. ಸಿಟ್ಟಿನಿಂದ ಹೇಳಿದ್ದರೆ ಉತ್ತರ ಕೊಡುತ್ತಿದ್ದೆ.

ಶಂಕ್ರಪ್ಪ, ಈಗ ಬರೆಯುವುದನ್ನು ಕುಳಿತು ಓದು. ನಿನಗಿಂತ ಮೊದಲು ಈ ಮನೆಯಲ್ಲಿ ಒಂದು ಹೆಣ್ಣುಕೂಸು ಇತ್ತು. ನಾಲ್ಕು ವರ್ಷದ್ದು. ನನ್ನ ಧೋತರದ ಚುಂಗು ಹಿಡಿದುಕೊಂಡು ದಿನಾಲೂ ಶಾಲೆಗೆ ಬರುತ್ತಿತ್ತು, ಹಿಂದಿನ ಸಾಲಿನಲ್ಲಿ ಪಾಟಿ ಹಿಡಿದು ಕುಳಿತಿರುತ್ತಿತ್ತು. ನೀನು ಹುಟ್ಟುವ ಎರಡು ವರ್ಷದ ಹಿಂದೆ ಊರಿಗೆಲ್ಲ ಸಿಡುಬು ಬಂತು. ಆ ಕೂಸು ಹೋಯಿತು. ಇದಕ್ಕಿಂತ ಹೆಚ್ಚು ಬರೆಯಲು ನನ್ನಿಂದಾಗುವುದಿಲ್ಲ.

ಉಳಿದದ್ದು ಅವಳು ಹೇಳಿದ್ದು. ಹೇಳಿದ್ದನ್ನು ಹೇಳಿದ ಹಾಗೆ ಬರೆಯಬೇಕಂತೆ, ನಡುವೆ ನನ್ನ ಮಾತು ಹಾಕಬಾರದಂತೆ.

“ಮಣ್ಣು ಕೊಟ್ಟು ಬಂದ ದಿನ ನಿಮ್ಮಪ್ಪ ಹೊಸ್ತಿಲದಾಗ ನಿಂತು, ಇನ್ನ ಈ ಮನ್ಯಾಗ ಆ ಹೆಸರ ಎತ್ತಬ್ಯಾಡ್ರಿ ಅಂದ್ರು. ಅವರ ಮಾರಿ ನೋಡಿ ನಾ ಎತ್ತಲಿಲ್ಲ. ಬೀಸುಕಲ್ಲಿನ ಮುಂದ ಎತ್ತಿದೆ. ಆ ಕಲ್ಲು ಈ ಮನೀದಲ್ಲ, ನನ್ನ ತವರಮನಿಯಿಂದ ಬಂದದ್ದು. ಅತ್ತಿ ಜೋಡಿ ಬೀಸೂವಾಗ ಬ್ಯಾರೆ ಪದ ಹಾಡ್ತಿದ್ದೆ. ಅತ್ತಿ ಏಳೂಕಿಂತ ಮೊದಲ ಒಬ್ಬಾಕೀನ ಕುಂತಾಗ ಅಷ್ಟ ಈ ಪದ. ಶಂಕ್ರಾ, ನೀ ತೊಡಿ ಮ್ಯಾಲೆ ಮಕ್ಕೊಂಡಿರತಿದ್ದಿ. ಸಣ್ಣ ಕೂಸು, ನನಗ ಹಾಡಾಕತ್ತಾಳ ಅಂತ ತಿಳಕೊಂಡಿ. ನಿಂದೇನ ತಪ್ಪಿಲ್ಲ.

“ಆದರ ಬೀಸೂ ಪದಕ್ಕ ಎದುರಿಗೆ ಕುಂತಾಕಿ ಸೊಲ್ಲು ಹಿಡೀಬೇಕು. ಒಬ್ಬಾಕಿ ಸಾಲು ಅಂದ್ರ ಇನ್ನೊಬ್ಬಾಕಿ ಅದರ ತುದಿ ತಿರುಗಿ ಅನ್ನಬೇಕು. ನನ್ನ ಆ ಪದಕ್ಕ ಯಾರೂ ಸೊಲ್ಲು ಹಿಡದಿದ್ದಿಲ್ಲ. ಯಾರರೆ ಹ್ಯಾಂಗ ಹಿಡೀಬೇಕು? ಯಾರಿಗೂ ಕೇಳಿಸಿಲ್ಲ. ಅವತ್ತ ಥೇಟರಿನ ಕತ್ತಲದಾಗ ನನ್ನ ಸಾಲು ಬಂತು, ದೂರಿಂದ ಯಾರೋ ತುದಿ ಹಿಡಿದ್ರು. ನನಗ ನನ್ನ ಕೂಸು ಓ ಅಂದಂಗಾತು. ಎದಿ ಒಡದಂಗಾತು, ಎದ್ದ ಬಂದೆ.”

ಇಷ್ಟು ಹೇಳಿ ಮೊರ ತೆಗೆದುಕೊಂಡು ಒಳಗೆ ಹೋದಳು. ಜೋಳ ಅರ್ಧ ಹಸನಾಗಿತ್ತು, ಅರ್ಧ ಹಾಗೇ ಇತ್ತು.

ಆ ಹಾಡು ನನ್ನ ಗೋಡೆಯ ಆಚೆಯೇ ಅಷ್ಟು ವರ್ಷ ನಡೆದಿತ್ತು. ನಾನು ನಿದ್ದೆ ಮಾಡುತ್ತಿದ್ದೆ.

ನಿನ್ನ ತಂದೆ
ಈರಬಸಪ್ಪ


ದಾದರ, ಮುಂಬಯಿ
೨೩ ಡಿಸೆಂಬರ್ ೧೯೭೬

ತೀರ್ಥರೂಪ ಅಪ್ಪನವರಿಗೆ,

ನಾನು ಈ ಮನೆಯ ಮೊದಲ ಕೂಸು ಎಂದು ತಿಳಿದು ಬೆಳೆದೆ. ನನಗೊಬ್ಬ ಅಕ್ಕ ಇದ್ದಳು ಎಂದು ಇಪ್ಪತ್ತೊಂಬತ್ತನೇ ವಯಸ್ಸಿನಲ್ಲಿ ಕಾಗದದಲ್ಲಿ ಓದಿದೆ. ಯಾರ ಮೇಲೆ ಸಿಟ್ಟು ಮಾಡಲಿ ಎಂದು ಯೋಚಿಸಿದೆ, ಯಾರೂ ಸಿಗಲಿಲ್ಲ. ಬರೀ ಅಳು ಬಂತು.

ಅವ್ವನ ದುಃಖವನ್ನು ಒಯ್ದು ಮಕ್ಕಳು ಚಪ್ಪಾಳೆ ಹೊಡೆಯುವ ಹಾಗೆ ಮಾಡಿಬಿಟ್ಟೆ. ಆ ಹಾಡಿನ ರೆಕಾರ್ಡು ಸದ್ಯದಲ್ಲೇ ಹೊರಗೆ ಬರಲಿದೆ. ಅವ್ವ ಬೇಡ ಎಂದರೆ ನಮ್ಮ ನಿರ್ದೇಶಕರ ಕೈಕಾಲು ಹಿಡಿದು ಅದನ್ನು ತೆಗೆಸುತ್ತೇನೆ. ಕೆಲಸ ಹೋದರೂ ಹೋಗಲಿ.

ಇನ್ನೊಂದು ಕೇಳುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ. ನೀವು ಇಡೀ ಕಾಗದದಲ್ಲಿ ‘ಆ ಕೂಸು’ ಎಂದಿದ್ದೀರಿ. ನಮ್ಮಕ್ಕನ ಹೆಸರೇನು?

ನಿಮ್ಮ
ಶಂಕ್ರಪ್ಪ


ಯರಗುಪ್ಪಿ
೧೫ ಜನವರಿ ೧೯೭೭

ಚಿ. ಶಂಕ್ರಪ್ಪನಿಗೆ ಸಂಕ್ರಮಣದ ಆಶೀರ್ವಾದ.

ಕುಸುರೆಳ್ಳು ಬೇರೆ ಕಟ್ಟಿ ಕಳಿಸಿದ್ದೇವೆ. ಬಿಳಿಜೋಳ ತೆನೆ ಹಿಡಿದಿದೆ, ಗುಬ್ಬಿಯ ಕಾಟ ಬಹಳ. ಹಾಡು ತೆಗೆಸಬೇಡ ಎಂದು ನಿಮ್ಮವ್ವ ಹೇಳಿದ್ದಾಳೆ. “ಹಾಡಿದ್ದು ಹಾಡಿಯಾತು, ಅದನ್ನ ತಿರುಗಿ ಬಾಯಾಗ ಹಾಕ್ಕೊಳ್ಳಾಕ ಬರತೈತೇನು?” ಎಂದಳು. ಖಾಜಾಸಾಬನಿಗೆ ಕೆಮ್ಮು. ನಿನ್ನ ಇನ್ನೊಂದು ಪ್ರಶ್ನೆ ಅವಳಿಗೂ ಓದಿ ಹೇಳಿದೆ. “ನಾ ಹೇಳಾಂಗಿಲ್ಲ. ಎತ್ತಬ್ಯಾಡ ಅಂದವರ ಎತ್ತಲಿ” ಎಂದಳು. ಕಾರ್ಡಿನಲ್ಲಿ ಜಾಗವಿಲ್ಲ.

ಈರಬಸಪ್ಪ


ದಾದರ, ಮುಂಬಯಿ
೨೨ ಜನವರಿ ೧೯೭೭

ಅಪ್ಪಾ,

ಕುಸುರೆಳ್ಳು ಮುಟ್ಟಿತು. ಕಾರ್ಡಿನಲ್ಲಿ ನಿಮ್ಮ ಸಹಿಯ ಕೆಳಗೆ ನಾಲ್ಕು ಬೆರಳು ಜಾಗ ಖಾಲಿ ಇತ್ತು.

ಶಂಕ್ರ


ಯರಗುಪ್ಪಿ
೮ ಮಾರ್ಚ್ ೧೯೭೭

ಚಿ. ಶಂಕ್ರಪ್ಪನಿಗೆ ಆಶೀರ್ವಾದ.

ಒಂದೂವರೆ ತಿಂಗಳು ನಾನು ಬರೆಯಲಿಲ್ಲ, ನೀನೂ ಬರೆಯಲಿಲ್ಲ. ಇಬ್ಬರೂ ಒಂದೇ ಎಮ್ಮೆಯ ಹಾಲು ಕುಡಿದವರು, ಹಟಕ್ಕೆ ಕೊರತೆಯಿಲ್ಲ.

ಹೋದ ವಾರ ಖಾಜಾಸಾಬ ಗಿರಣಿ ಬಿಟ್ಟು ಓಡಿ ಬಂದ. “ಮಾಸ್ತರ್ರ, ಕುಂದಗೋಳದ ಟೆಂಟಿಗೆ ನಿಮ್ಮ ಶಂಕ್ರನ ಗೌಜಲ ಹಕ್ಕಿ ಬಂದೈತ್ರಿ, ಎರಡ ದಿವಸ ಅಷ್ಟ ಇರತೈತಂತ.” ನಾನು ಅವನಿಗೆ ಕಣ್ಣು ಸನ್ನೆ ಮಾಡುವುದರೊಳಗೆ ಒಳಗಿನಿಂದ ನಿಮ್ಮವ್ವನ ದನಿ ಬಂತು. “ನಾ ಬರ್ತೀನಿ.” ಬೇಡ ಎಂದೆ. “ಅವತ್ತ ನಾ ಅರ್ಧಕ್ಕ ಎದ್ದೇನಿ. ಮರಿ ಬಂತು ಅಂತ ನೀವು ಹೇಳ್ತೀರಿ. ನನ್ನ ಕಣ್ಣಲೆ ನೋಡಬೇಕು” ಎಂದಳು.

ಸಂಜೆಯ ಮೊದಲನೇ ಆಟಕ್ಕೆ ಹೋದೆವು. ಹೊರಗೆ ಚುನಾವಣೆಯ ಜೀಪು ಮೈಕಿನಲ್ಲಿ ಒದರುತ್ತಿತ್ತು, ಒಳಗೆ ನಾವು ನೆಲದ ಮೇಲೆ ಚಾಪೆ ಹಾಸಿಕೊಂಡು ಕುಳಿತೆವು. ನರಿ ಬಂದಾಗ ಈ ಸಲವೂ ಡೊಳ್ಳೇ. ಧೂಳುಗಾಳಿ ಎದ್ದಿತು, ಮರಿ ತಪ್ಪಿಸಿಕೊಂಡಿತು, ಹಾಡು ಶುರುವಾಯಿತು. ನಾನು ಪರದೆ ನೋಡಲಿಲ್ಲ, ಅವಳನ್ನೇ ನೋಡುತ್ತಿದ್ದೆ. ಹಿಂದಿಯ ಮಾತು ಅವಳಿಗೆ ಬೇಕಾಗಿರಲಿಲ್ಲ, ತುಟಿ ತನ್ನದೇ ಮಾತನ್ನು ಹೇಳುತ್ತಿತ್ತು. ಕೊಳಲು ಬಂದಾಗ ನನ್ನ ಮುಂಗೈ ಹಿಡಿದಳು. ಬಳೆ ಚುಚ್ಚಿ ಗಾಯವಾಗುವಷ್ಟು ಗಟ್ಟಿಯಾಗಿ ಹಿಡಿದಳು, ಆದರೆ ಏಳಲಿಲ್ಲ.

ಮರಿ ಬಂತು. ಜೋಳದ ದಂಟಿನ ನಡುವಿನಿಂದ ಕುಂಟುತ್ತಾ ಬಂತು. ಹುಡುಗರು ಸೀಟಿ ಹೊಡೆದರು, ನಿಮ್ಮವ್ವ ಚಪ್ಪಾಳೆ ಹೊಡೆದಳು. ಕಣ್ಣಲ್ಲಿ ನೀರು ಸುರಿಯುತ್ತಿತ್ತು, ಚಪ್ಪಾಳೆ ಹೊಡೆಯುತ್ತಲೇ ಇದ್ದಳು. “ಯಾರದರೆ ಬರಲಿ ಬಿಡ್ರಿ” ಎಂದಳು. “ಒಂದರೆ ಬಂತಲ್ಲ.”

ನನಗೆ ಅಲ್ಲಿ ತಡೆಯಲಾಗಲಿಲ್ಲ. ಖಾಜಾಸಾಬ ಎದ್ದು ಚಹಾ ತರುತ್ತೇನೆಂದು ಹೊರಗೆ ಹೋದ. ದೊಡ್ಡ ಮನುಷ್ಯ ಅವನು, ಆಟ ಮುಗಿಯುವವರೆಗೆ ಬರಲಿಲ್ಲ.

ಮರುದಿನ ಮುಂಜಾನೆ ಎದ್ದು ನೋಡಿದರೆ ಮೂಲೆಯಲ್ಲಿ ಕೋಳಿಬುಟ್ಟಿ ಹೊತ್ತುಕೊಂಡು ಕುಳಿತಿದ್ದ ಬೀಸುಕಲ್ಲು ನಡುಮನೆಗೆ ಬಂದಿದೆ. ತೊಳೆದು ಒರೆಸಿದ್ದಾಳೆ. ಗೂಟ ಬಡಿದು ಗಟ್ಟಿ ಮಾಡಿದ್ದಾಳೆ. ಬಾಗಿಲಲ್ಲಿ ನಿಂತ ಖಾಜಾಸಾಬ “ಯವ್ವಾ, ನನ್ನ ಹೊಟ್ಟಿ ಮ್ಯಾಲೆ ಹೊಡೀತೀರೇನು?” ಎಂದು ನಗಾಡಿದ. “ನಿನ್ನ ಗಿರಣಿ ಹಾಡತೈತೇನು?” ಎಂದು ಅವನನ್ನು ಕಳಿಸಿ ನನ್ನ ಕಡೆ ತಿರುಗಿದಳು.

“ಕುಂದರ್ರಿ.”

“ನಾನ?”

“ಮತ್ತ ಖಾಜಾಸಾಬನ ತಿರುಗಿ ಕರೀಲೇನು? ನಾ ಸಾಲು ಅಂತೀನಿ, ನೀವು ತುದಿ ಹಿಡೀರಿ. ನಿಮ್ಮ ಮಗ ಮುಂಬೈಯಾಗ ಕುಂತು ಹಿಡದಾನ. ನಿಮಗ ಎದುರಿಗೆ ಕುಂತು ಹಿಡ್ಯಾಕ ಏನ ಧಾಡಿ?”

ಗಂಡಸು ಬೀಸುಕಲ್ಲಿನ ಮುಂದೆ ಕುಳಿತರೆ ಈ ಊರಲ್ಲಿ ವರ್ಷವಿಡೀ ನಗುತ್ತಾರೆ. ಬಾಗಿಲು ಮುಂದೆ ಮಾಡಿ ಕುಳಿತೆ. ಒಂದೇ ಗೂಟವನ್ನು ಇಬ್ಬರೂ ಹಿಡಿದೆವು. ಅವಳು ಶುರು ಮಾಡಿದಳು. ದನಿ ಒಡೆದಿದೆ, ಆದರೆ ಧಾಟಿ ಅಲುಗಾಡಿಲ್ಲ. ಸಾಲಿನ ನಡುವೆ ಅವಳು ಗೂಟ ಬಿಟ್ಟು ಕಲ್ಲಿನ ಬಾಯಿಗೆ ಹಿಡಿ ಜೋಳ ಹಾಕುತ್ತಾಳೆ. ಆಗ ಅವಳ ಮೈ ಮುಂದೆ ಬಾಗುತ್ತದೆ, ದನಿ ಕುಸಿಯುತ್ತದೆ. ನಾನು ತಪ್ಪು ಎಂದು ಬರೆದ ಸ್ವರ ಅದೇ. ಅಲ್ಲಿ ಕಲ್ಲಿನ ಭಾರವೆಲ್ಲ ನನ್ನೊಬ್ಬನ ಕೈಗೆ ಬಂತು. ಅಷ್ಟು ವರ್ಷ ಅದನ್ನು ಅವಳೊಬ್ಬಳೇ ತಿರುವಿದ್ದಳು.

ಮೊದಲ ಸಾಲಿಗೆ ನನ್ನ ಬಾಯಿ ಏಳಲಿಲ್ಲ. ಅವಳು ಕಾಯಲೂ ಇಲ್ಲ, ಬಯ್ಯಲೂ ಇಲ್ಲ. ಅದೇ ಸಾಲನ್ನು ಮತ್ತೆ ಹಾಡಿದಳು. ಮತ್ತೆ ಆಗಲಿಲ್ಲ. ಸೊಲ್ಲು ಹಿಡಿಯುವವನು ಸಾಲಿನ ತುದಿಯನ್ನು ಹೇಳಲೇಬೇಕು, ತುದಿಯಲ್ಲಿ ಇದ್ದದ್ದು ಹೆಸರು. ಜೋಳ ತೀರುತ್ತಾ ಬಂದಿತ್ತು. ಬರಿ ಕಲ್ಲು ಬೀಸಬಾರದು, ಕಾಳು ಮುಗಿದರೆ ಪದವೂ ಮುಗಿಯಬೇಕು. ಕೊನೆಯ ಹಿಡಿ ಹಾಕಿ ನನ್ನ ಮುಖ ನೋಡಿದಳು.

ಆಗ ಹಿಡಿದೆ. ಬೇಸೂರ. ಯಾವ ಸ್ವರಕ್ಕೂ ನಿಲ್ಲಲಿಲ್ಲ. ನೀನು ಕೇಳಿದ್ದರೆ ನಗುತ್ತಿದ್ದೆ. ಅವಳು ನಗಲಿಲ್ಲ. “ಹಿಂಗ” ಎಂದು ಗೋಣು ಹಾಕಿ, ಕಲ್ಲು ನಿಲ್ಲುವವರೆಗೂ ಹಾಡಿದಳು. ಆ ಹಿಟ್ಟಿನ ರೊಟ್ಟಿ ತುಸು ತರಿತರಿ. ಇಬ್ಬರೂ ಉಂಡೆವು.

ಯುಗಾದಿಗೆ ಬಾ. ಕೊಳಲು ತರದೇ ಬರಬೇಡ. ಖ್ಯಾಲದ ಮಾತು ನಾನು ಎತ್ತುವುದಿಲ್ಲ.

ನಿನ್ನ ಪ್ರಶ್ನೆಗೆ ಉತ್ತರ ಬಾಕಿ ಇದೆ. ಅವಳು ಹಾಡುವುದು ಹೀಗೆ:

ಎರಿಹೊಲದ ಬದುವಿಗೆ ಹೊತ್ತು ಇಳದೈತಿ
ಮನಿಗಿನ್ನ ಬಾರ ಅನ್ನವ್ವ

ಇಂತಿ,
ಅನ್ನವ್ವನ ಅಪ್ಪ, ನಿನ್ನ ಅಪ್ಪ
ಈರಬಸಪ್ಪ